ಗಾಯವಿಲ್ಲದ ಪೇಚುಗಳು

“ಒದೀರಿ, ಗುಡುಸಾಬ!”

ಮುಚ್ಚಿದ ಬಾಗಿಲಿನ ಒಳಗಿನಿಂದ ಸಬ್ ಇನ್‌ಸ್ಪೆಕ್ಟರ್ ವಿದ್ಯಾವತಿಯ ದನಿ ಬಂತು. ಹೊರಗೆ ನಿಂತಿದ್ದ ಹವಾಲ್ದಾರ ಗುಡುಸಾಬ ತನ್ನ ಬೂಟನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದ.

“ಮೇಡಮ್ಮರ, ಹಿಂದ ಸರದು ನಿಂದರ್ರಿ. ಬಾಗಲಾ ಬಂದು ನಿಮ್ಮ ಮ್ಯಾಲೆ ಬಿದ್ದೀತು.”

“ಗ್ವಾಡಿಗೆ ಹತ್ತಿ ನಿಂತೇನಿ. ಒಳಗಿಂದ ಚಿಲಕ ಹಾಕೇನಿ. ನೀವು ಒದೀರಿ ಅಂದ್ರ ಒದೀರಿ!”

ಮೊದಲ ಒದೆತಕ್ಕೆ ಬಾಗಿಲು ನಡುಗಿತಷ್ಟೆ. ಎರಡನೆಯದಕ್ಕೆ ಮೇಲಿನಿಂದ ಮಣ್ಣು ಉದುರಿತು. ಗುಡುಸಾಬ ಟೋಪಿ ತೆಗೆದು ಕಟ್ಟೆಯ ಮೇಲಿಟ್ಟ. ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿ ಬಂದು ಭುಜ ಕೊಟ್ಟ. ಫಡ್ ಎಂದು ಕಟ್ಟಿಗೆ ಸೀಳಿದ ಸದ್ದಾಯಿತು. ಬಾಗಿಲು ಹೋಗಿ ಗೋಡೆಗೆ ಬಡಿಯಿತು, ಗುಡುಸಾಬ ಉರುವಲಿನ ರಾಶಿಯ ಮೇಲೆ ಬೋರಲು ಬಿದ್ದ.

ವಿದ್ಯಾವತಿ ಧೂಳಿನೊಳಗಿಂದ ಕೆಮ್ಮುತ್ತ ಹೊರಗೆ ಬಂದಳು. ಖಾಕಿ ಅಂಗಿಯ ತುಂಬ ಜೇಡರ ಬಲೆ. ಅಂಗೈಯಲ್ಲಿ ಒಂದು ಕಬ್ಬಿಣದ ಕೊಂಡಿ. ಕಣ್ಣುಗಳು ಮಾತ್ರ ಪರೀಕ್ಷೆಯ ಫಲಿತಾಂಶ ನೋಡಿ ಬಂದ ಹುಡುಗಿಯ ಕಣ್ಣುಗಳ ಹಾಗೆ ಹೊಳೆಯುತ್ತಿದ್ದವು.

“ಬರ್ರಿ ಇಲ್ಲಿ, ಸುನೀತಾ. ನೀವೂ ನೋಡ್ರಿ. ಹೆದರಬ್ಯಾಡ್ರಿ, ಇದು ಚಲೋ ಸುದ್ದಿ.”

ಸುನೀತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹತ್ತಿರ ಬಂದಳು. ನಿನ್ನೆ ಮುಂಜಾನೆ ಇಂಡಿ ಪಟ್ಟಣದ ಇದೇ ಮನೆಯಲ್ಲಿ, ಒಳಗಿನಿಂದ ಚಿಲಕ ಹಾಕಿದ್ದ ಹಿಂದಿನ ಖೋಲಿಯ ಬಾಗಿಲನ್ನು ಒಡೆದಾಗ, ಒಳಗೆ ಮಲಗಿರಬೇಕಾಗಿದ್ದ ಅವಳ ಗಂಡ ಅಮೋಘಸಿದ್ಧ ಇರಲಿಲ್ಲ. ಕಿಟಕಿಯ ಸರಳುಗಳು ಒಂದೂ ಅಲುಗಿರಲಿಲ್ಲ.

ಆಗಿನಿಂದ ಓಣಿಯ ಮಂದಿ ಒಂದೇ ಮಾತು ಹಿಡಿದಿದ್ದರು. ಹೆಸರೇ ಅಮೋಘಸಿದ್ಧ, ಸಿದ್ಧರು ಕರೆದುಕೊಂಡು ಹೋದರು ಎಂದು. ಅಂಗಳದಲ್ಲಿ ಆಗಲೇ ತೆಂಗಿನಕಾಯಿಯ ಚಿಪ್ಪುಗಳು ಬಿದ್ದಿದ್ದವು. ಇಬ್ಬರು ಮುದುಕಿಯರು ಬಾಗಿಲ ಚೌಕಟ್ಟಿಗೆ ಭಂಡಾರದ ಅರಿಸಿನ ಹಚ್ಚಲು ಬಂದು ಗುಡುಸಾಬನಿಂದ ಬೈಸಿಕೊಂಡು ಹೋಗಿದ್ದರು.

ವಿದ್ಯಾವತಿಗೆ ಮಾತ್ರ ನಾಳೆಯದೇ ಚಿಂತೆ. ನಾಳೆ ಮುಂಜಾನೆ ಮುದ್ದೇಬಿಹಾಳದ ಕೋರ್ಟಿನಲ್ಲಿ ಅಮೋಘಸಿದ್ಧ ಸಾಕ್ಷಿ ಹೇಳಬೇಕಾಗಿತ್ತು. ಕಟ್ಟುತ್ತಿದ್ದ ಕಲ್ಯಾಣ ಮಂಟಪವೊಂದರ ಸ್ಲ್ಯಾಬು ಕುಸಿದು, ಕೆಳಗೆ ಕೆಲಸ ಮಾಡುತ್ತಿದ್ದ ಗಂಡ ಹೆಂಡತಿ ಇಬ್ಬರೂ ಸತ್ತಿದ್ದರು. ಕಾಂಕ್ರೀಟು ಇನ್ನೂ ಹಸಿಯಿರುವಾಗಲೇ ಕೆಳಗಿನ ಆಸರೆ ಕಂಬಗಳನ್ನು ತೆಗೆಸಿದವನು ಗುತ್ತಿಗೆದಾರ ರಾವಸಾಬ. ಆ ಅಪ್ಪಣೆಯನ್ನು ಅವನ ಬಾಯಿಂದಲೇ ಕೇಳಿದ್ದವನು ಕೆಲಸದ ಮೇಲ್ವಿಚಾರಕ ಅಮೋಘಸಿದ್ಧ ಒಬ್ಬನೇ. ಅವನು ಬಾರದಿದ್ದರೆ ರಾವಸಾಬ ಮೀಸೆ ತಿರುವುತ್ತ ಮನೆಗೆ ಹೋಗುತ್ತಾನೆ.

“ಇದು ಉರುವಲ ಖೋಲಿ ಕೊಂಡಿ,” ವಿದ್ಯಾವತಿ ಅಂಗೈ ಚಾಚಿದಳು. “ಚಿಲಕ ಸರದು ಕೂಡೂದು ಇದರೊಳಗ. ಇದನ್ನ ಚೌಕಟ್ಟಿಗೆ ನಾಕು ಪೇಚಿಲೆ ಬಿಗದಾರ. ಈಗ ಗುಡುಸಾಬ ಗುದ್ದಿದ ಕೂಡ್ಲೆ ಏನಾತು? ಪೇಚು ಕಟ್ಟಿಗಿ ಹರಕೊಂಡು ಬಂದ್ವು.”

ಪೇಚುಗಳ, ಅಂದರೆ ತಿರುಪು ಮೊಳೆಗಳ, ಸುರುಳಿಯ ತುಂಬ ಕಟ್ಟಿಗೆಯ ನಾರು ಸಿಕ್ಕಿಕೊಂಡಿತ್ತು. ಎರಡು ಪೇಚು ಬಾಗಿ ಹೋಗಿದ್ದವು. ಚೌಕಟ್ಟಿನ ಮೇಲೆ ಅವು ಇದ್ದ ಜಾಗದಲ್ಲಿ ಗೇಣುದ್ದದ ಸಿಬಿರು ಎದ್ದು ತೂತುಗಳೆಲ್ಲ ಒಂದಾಗಿದ್ದವು.

“ಈಗ ಈ ಕಡೆ ಬರ್ರಿ.”

ಅವಳು ಸುನೀತಾಳ ಕೈ ಹಿಡಿದು ಹಿಂದಿನ ಖೋಲಿಗೆ ಎಳೆದುಕೊಂಡೇ ಹೋದಳು. ಬ್ಯಾಟರಿ ದೀಪವನ್ನು ಚೌಕಟ್ಟಿಗೆ ಹಿಡಿದಳು. ನಾಲ್ಕು ತೂತುಗಳು ದುಂಡಗೆ, ಅಚ್ಚುಕಟ್ಟಾಗಿ, ಒಂದು ಸಿಬಿರೂ ಏಳದೆ ಇದ್ದವು. ಒಳಗೆ ಸುರುಳಿಯ ಗೆರೆಗಳು ಕೂಡ ಹಾಗೆಯೇ ಉಳಿದಿದ್ದವು.

“ಇವು ಕಿತ್ತ ಬಂದ ಪೇಚಲ್ಲ. ಸಾವಕಾಶ ತಿರುವಿ ತಗದ ಪೇಚು. ಬಾಗಲಾ ಮುರಿಯೂಕಿಂತ ಮೊದಲ ಕೊಂಡಿ ಬಿಚ್ಚಿತ್ತು. ಅಂದ್ರ ಚಿಲಕ ಹಾಕಿದ್ದ ಸುಳ್ಳು. ಬಾಗಲಾ ಬರೇ ಬಿಗಿಯಾಗಿ ಮುಚ್ಚಿತ್ತು.”

ಸುನೀತಾ ಬಾಯಿಂದ ಸೆರಗು ತೆಗೆದಳು. “ಹಂಗಾರ ಅವ್ರು...?”

“ಬಾಗಲದಾಗಿಂದನ ನಡಕೋತ ಹೋಗ್ಯಾರ. ಎಲ್ಲಾರಂಗ.”

ಸುನೀತಾ ಹೊಸ್ತಿಲ ಮೇಲೆಯೇ ಕುಸಿದು ಕೂತು ಗೊಳೋ ಎಂದು ಅತ್ತಳು. ದುಃಖವೋ ಆಸೆಯೋ ಅವಳಿಗೇ ಗೊತ್ತಾಗದಂಥ ಅಳು. ವಿದ್ಯಾವತಿ ಒಂದು ಗಳಿಗೆ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಕಿಸೆಯಿಂದ ಕಾಗದದ ಪುಡಿಕೆ ತೆಗೆದು ಬಿಸಿಲಿಗೆ ಹೋದಳು.

ಪುಡಿಕೆಯಲ್ಲಿದ್ದವು ನಿನ್ನೆ ಆ ಖೋಲಿಯ ನೆಲದ ಮೇಲೆ ಸಿಕ್ಕ ನಾಲ್ಕು ಪೇಚುಗಳು. ಬಹಳ ಹಳೆಯವು. ತಲೆಯ ಮೇಲೆ ಅಡ್ಡಕ್ಕೆ ಒಂದೇ ಸೀಳು. ಆ ಸೀಳುಗಳೂ ನಟ್ಟನಡುವೆ ಇರದೆ ಒಂದು ಮಗ್ಗುಲಿಗೆ ತುಸು ಸರಿದಿದ್ದವು, ಯಾರೋ ಗರಗಸದಿಂದ ಒಂದೊಂದನ್ನೇ ಕೊಯ್ದಂತೆ.

“ಗುಡುಸಾಬ, ಜೀಪಿನ ಡಬ್ಬಿಯೊಳಗಿಂದ ಪೇಚಕಸ ತರ್ರಿ.”

ಪುಸ್ತಕದವರು ತಿರುಪುಳಿ ಎನ್ನುವ ಸ್ಕ್ರೂಡ್ರೈವರನ್ನು ಈ ಕಡೆಯವರು ಪೇಚಕಸ ಎನ್ನುತ್ತಾರೆ. ವಿದ್ಯಾವತಿ ಪೊಲೀಸ್ ಪರೀಕ್ಷೆ ಬರೆಯುವ ಮೊದಲು ವಿಜಾಪುರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಗುಡುಸಾಬ ತಂದ ಪ್ಲಾಸ್ಟಿಕ್ ಹಿಡಿಯ ಪೇಚಕಸವನ್ನು ಉರುವಲು ಖೋಲಿಯ ಬಾಗಿಲ ತಿರುಗಣಿಯಲ್ಲಿದ್ದ ಒಂದು ಹಳೆಯ ಪೇಚಿಗೆ ಹಚ್ಚಿ ಬಲವಾಗಿ ತಿರುವಿದಳು. ಕರ್ರೆಂದು ಜಾರಿತು. ಪೇಚಿನ ತಲೆಯ ಮೇಲೆ ಬೆಳ್ಳಗೆ ಒಂದು ಗಾಯ. ಮತ್ತೊಮ್ಮೆ ತಿರುವಿದಳು. ಮತ್ತೊಂದು ಗಾಯ.

“ನೋಡಿದ್ರೇನು? ಹಳೇ ಪೇಚು, ಸೀಳಿನ ತುಂಬ ಎಣ್ಣಿ ಬಣ್ಣ. ಯಾರ ಬಿಚ್ಚಿದ್ರೂ ಹಿಂಗ ಗಾಯ ಆಗೂದ. ಈಗ ಇವನ್ನ ನೋಡ್ರಿ.”

ಗುಡುಸಾಬ ಕಾಗದದ ಪುಡಿಕೆಯೊಳಗೆ ಇಣುಕಿದ. ನಾಲ್ಕೂ ಪೇಚುಗಳ ಸೀಳಿನೊಳಗಿನ ಬಣ್ಣವನ್ನು ಮೊದಲು ತಳದವರೆಗೆ ಕೆರೆದು ತೆಗೆಯಲಾಗಿತ್ತು. ತಲೆಯ ಮೇಲೆ ಒಂದು ಗೀರೂ ಇರಲಿಲ್ಲ.

“ಒಂದೂ ಗಾಯಿಲ್ರಿ.”

“ಕಳ್ಳಗ ಇಷ್ಟು ಪುರಸೊತ್ತು ಎಲ್ಲೈತಿ? ರಾವಸಾಬನ ಗೂಂಡಾಗಳಿಗೆ ಇಷ್ಟು ಮರ್ಯಾದಿ ಎಲ್ಲೈತಿ?” ವಿದ್ಯಾವತಿಯ ದನಿ ಏರಿತು. “ಸೀಳಿನ ಅಗಲ ನೋಡಿ, ದಪ್ಪ ನೋಡಿ, ಅದಕ್ಕ ಸರಿಯಾಗಿ ಕೂಡೂವಂಥ ಪೇಚಕಸ ತಂದು ಬಿಚ್ಚ್ಯಾನ. ಇಂವಾ ಪೇಚಿನ ಮ್ಯಾಲೆ ಜೀವ ಇಟ್ಟಾವ, ಗುಡುಸಾಬ. ಬಿಚ್ಚಿ ಒಗೆಯೂ ಪೇಚಿಗೂ ನೋವು ಮಾಡಾಂವ ಅಲ್ಲ.”

ಅವಳು ತಟ್ಟನೆ ಹೊಸ್ತಿಲ ಕಡೆ ತಿರುಗಿದಳು.

“ಸುನೀತಾ, ನಿನ್ನೆ ಬಾಗಲಕ್ಕ ಭುಜಾ ಕೊಟ್ಟಾವ್ರು ಯಾರು?”

“ಮಾಮಾರಿ. ಇವರ ಸೋದರಮಾವ, ಸಿಂದಗಿ ಬಸವಂತರಾಯ ಮಾಸ್ತರು. ಮೊನ್ನೆ ಸಂಜಿಕ ಬಂದಿದ್ರು. ನಾ ಮುಂಜಾನೆ ನಳದ ನೀರಿಗೆ ಹೋಗಿ ಬರೂದ್ರೊಳಗ ಎದ್ದು ಕುಂತಿದ್ರು. ಅಳ್ಯಾ ಇನ್ನೂ ಎದ್ದಿಲ್ಲ ಅಂತ ಕೂಗಿ ಕೂಗಿ, ಕಡೀಕೆ ಅವ್ರ ಬಾಗಲಾ ಮುರದ್ರು.”

“ಮಾಸ್ತರು ಏನ ಕಲಿಸ್ತಿದ್ರು?”

“ಕ್ರಾಫ್ಟ್ ರಿ. ಬಡಿಗತನ.”

ವಿದ್ಯಾವತಿ ಆಗಲೇ ಜೀಪಿನಲ್ಲಿ ಕೂತಿದ್ದಳು.

*

ಸಿಂದಗಿಯ ದಾರಿಯುದ್ದಕ್ಕೂ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಗುಡುಸಾಬ ಗಾಡಿಯನ್ನು ಓಡಿಸಿದ ರೀತಿಗೆ ಕಬ್ಬಿನ ಟ್ರ್ಯಾಕ್ಟರುಗಳು ತಾವಾಗಿಯೇ ಬದಿಗೆ ಸರಿದವು.

“ಮೇಡಮ್ಮರ, ಸ್ವಂತ ಮಾಮಾನ ಅಳಿಯಗ ಮೋಸಾ ಮಾಡ್ತಾನಂತೀರಿ?”

“ನಾ ಏನೂ ಅನ್ನಾಕತ್ತಿಲ್ಲ. ಎರಡ ದಾರಿ ಅದಾವು. ಒಂದು, ರಾವಸಾಬಗ ಮಾರಕೊಂಡು ಅಳಿಯನ್ನ ಒಪ್ಪಿಸ್ಯಾನ. ಇಲ್ಲಾಂದ್ರ ಎಲ್ಲೋ ಬಚ್ಚಿಟ್ಟಾನ.”

“ಕೇಳಿದ್ರ ಹೇಳ್ತಾನೇನ್ರಿ?”

“ಕೇಳಿದ್ರ ಹೇಳೂದಿಲ್ಲ. ನಿನ್ನೆ ಹೇಳಿಕಿಯೊಳಗ ಏನಂದಾನ, ನೆನಪೈತಿಲ್ಲ? ಆ ಖೋಲಿಯೊಳಗ ನಾ ಯಾವತ್ತೂ ಕಾಲಿಟ್ಟಿಲ್ಲ, ಬಾಗಲಾ ಬಿದ್ದ ಕೂಡ್ಲೆ ಕಣ್ಣಿಗೆ ಕತ್ಲಿ ಬಂದು ಕಟ್ಟಿ ಮ್ಯಾಲೆ ಕುಂತೆ ಅಂತ. ಆ ಮಾತನ್ನ ಗಟ್ಟಿ ಹಿಡದಾನ.”

“ಮತ್ತ?”

ವಿದ್ಯಾವತಿ ನಕ್ಕಳು. “ಜಗಳಾ ತಗೀತೇನಿ.”

*

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಾಸ್ತರ ಮನೆ. ಪಡಸಾಲೆಗೆ ಕಾಲಿಟ್ಟ ಕೂಡಲೇ ವಿದ್ಯಾವತಿ ತಾನು ಬಂದ ಕೆಲಸವನ್ನೇ ಒಂದು ಕ್ಷಣ ಮರೆತಳು.

ಗೋಡೆಯ ತುಂಬ ಪೇಚಕಸಗಳು. ಗಡಿಯಾರದವರ ಕೈಯಲ್ಲಿರುವ ಸೂಜಿಯಂಥವು, ಹೊಲಿಗೆ ಯಂತ್ರದ ಗಿಡ್ಡವು, ಮೊಳದುದ್ದದವು. ಒತ್ತಿದರೆ ತಾನೇ ತಿರುಗುವ, ಮೈತುಂಬ ಸುರುಳಿ ಗೆರೆಯಿದ್ದ ಹಿತ್ತಾಳೆಯದೊಂದು. ಎಲ್ಲಕ್ಕೂ ಒಂದೊಂದು ಚರ್ಮದ ಕುಣಿಕೆ. ಒಂದಕ್ಕೂ ತುಕ್ಕಿಲ್ಲ.

ಬಸವಂತರಾಯ ಮಾಸ್ತರು ಎತ್ತರದ ಆಳು. ಧೋತರ, ತೋಳು ಮಡಿಚಿದ ಬಿಳಿ ಅಂಗಿ. ಪೊಲೀಸರನ್ನು ನೋಡಿ ಮುಖ ಬಿಗಿದುಕೊಂಡರೂ ಮರ್ಯಾದೆ ತಪ್ಪಲಿಲ್ಲ.

“ಬರ್ರಿ, ಕುಂದರ್ರಿ. ಅಳಿಯಂದು ಏನರ ಸುದ್ದಿ ಸಿಕ್ಕಿತೇನ್ರಿ?”

“ಹುಡುಕಾಕತ್ತೇವಿ ಮಾಸ್ತರ.” ವಿದ್ಯಾವತಿ ಗೋಡೆಯಿಂದ ಕಣ್ಣು ಕೀಳಲಿಲ್ಲ. “ಇದನ್ನ ಮುಟ್ಟಿ ನೋಡ್ಲೇನ್ರಿ?”

ಅವರು ಉತ್ತರ ಕೊಡುವ ಮೊದಲೇ ಅವಳು ಒಂದನ್ನು ತೆಗೆದುಕೊಂಡಿದ್ದಳು. ಕಪ್ಪಗೆ ಮಿರುಗುವ ಕಟ್ಟಿಗೆಯ ಹಿಡಿ, ಅಂಗೈಯಲ್ಲಿ ಹುಟ್ಟಿದಂತೆ ಕೂತಿತು.

“ಹಿಡಿ ಯಾವ ಕಟ್ಟಿಗೀದ್ರಿ?”

“ಜಾಲಿ. ನಾನ ಮಾಡೇನಿ.” ಮಾಸ್ತರ ದನಿ ತುಸು ಸಡಿಲಾಯಿತು. “ಎರಡೂ ಮಗ್ಗಲಾ ಚಪ್ಪಟಿ ಮಾಡೇನಿ ನೋಡ್ರಿ. ದುಂಡಗಿದ್ರ ಮೇಜಿನ ಮ್ಯಾಲಿಂದ ಉಳ್ಳಿ ಬೀಳತೈತಿ. ಕೈ ಬೆವರಿದ್ರ ಜಾರತೈತಿ.”

“ಕಬ್ಬಿಣ ಯಾಕ ಚೌಕ?”

“ಪೇಚು ಹಟಾ ಹಿಡೀತಂದ್ರ ಪಾನಾ, ಅದ ಸ್ಪ್ಯಾನರ್, ಹಾಕಿ ತಿರುವಾಕ. ದುಂಡನ್ನ ಕಬ್ಬಿಣಕ್ಕ ಪಾನಾ ನಿಂದರೂದಿಲ್ಲ.” ಅವರು ಅವಳ ಕೈಯಿಂದ ಅದನ್ನು ತೆಗೆದುಕೊಂಡು ತುದಿಯನ್ನು ಬೆಳಕಿಗೆ ಹಿಡಿದರು. “ಪ್ಯಾಟಿ ಪೇಚಕಸದ ತುದಿ ಉಳಿಯಂಗ ಇಳಿಜಾರು ಇರತೈತಿ. ಸೀಳಿನ ಬಾಯಿಗೆ ಅಷ್ಟ ತಾಗತೈತಿ, ತಳಕ್ಕ ಮುಟ್ಟೂದಿಲ್ಲ. ಜೋರ ಕೊಟ್ಟ ಕೂಡ್ಲೆ ಮ್ಯಾಲೆ ಹತ್ತಿ ಜಿಗೀತೈತಿ. ನಾ ತುದಿ ಎರಡೂ ಕಡಿ ಸಮಾ ತಿಕ್ಕೇನಿ. ಸೀಳು ತುಂಬಿ ಕೂಡಬೇಕು. ತುಂಬಿ ಕೂತ್ರ ಜಾರೂ ಮಾತ ಇಲ್ಲ.”

ಗಾಯವಿಲ್ಲದ ಪೇಚುಗಳು ಅವಳ ಕಿಸೆಯಲ್ಲಿದ್ದವು. ಆದರೂ ಮುಖವನ್ನು ಸಪ್ಪೆ ಮಾಡಿಕೊಂಡು ಅಂದಳು:

“ಚಲೋ ಐತಿ ಬಿಡ್ರಿ. ಆದ್ರ ಈಗ ಇದೆಲ್ಲಾ ಯಾಕ ಬೇಕ್ರಿ ಮಾಸ್ತರ? ತಲಿ ಮ್ಯಾಲೆ ನಾಕ ಮೂಲಿ ತೂತಿನ ಸ್ಟಾರ್ ಪೇಚು ಬಂದಾವು. ಸೀಳತಲಿ ಪೇಚಿನ ಕಾಲ ಮುಗೀತು.”

ಮಾಸ್ತರು ಅವಳನ್ನು ಕೆಕ್ಕರಿಸಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಗುಡುಸಾಬ ಮೀಸೆಯೊಳಗೆ ನಕ್ಕ.

“ಯಾರಂದ್ರ ನಿಮಗ, ಕಾಲ ಮುಗೀತಂತ?”

“ನಾ ಡಿಪ್ಲೊಮಾ ಓದೇನಿ. ನಾನ ಅಂತೇನಿ. ಸ್ಟಾರ್ ಪೇಚಿಗೆ ಪೇಚಕಸ ಇಟ್ರ ತಾನ ನಡುವ ಹೋಗಿ ಕೂಡತೈತಿ. ಅತ್ತಿತ್ತ ಸರಿಯೂದಿಲ್ಲ. ಏಣಿ ಮ್ಯಾಲೆ ನಿಂತು ಒಂದ ಕೈಲೆ ಬಿಗೀಬಹುದು. ಮಶಿನ್ ಅಂತೂ ಗಳಿಗ್ಯಾಗ ನೂರಾರು ಬಿಗೀತೈತಿ. ನಿಮ್ಮ ಸೀಳತಲಿ ಪೇಚು? ಒಂಚೂರ ಕೈ ಓರಿ ಆದ್ರ ಜಾರಿ ಬೆರಳಿಗೇ ಚುಚ್ಚತೈತಿ.”

“ಹೌದು, ಚುಚ್ಚತೈತಿ!” ಮಾಸ್ತರು ಎದ್ದೇ ನಿಂತರು. “ಕೆಲಸಾ ಕಲೀದಾವಂಗ ಚುಚ್ಚತೈತಿ. ಸ್ಟಾರ್ ಪೇಚು ಕಾರ್ಖಾನಿಗೆ ಚಲೋ, ನಾ ಒಪ್ಪತೇನಿ. ಬಿಗಿಯಾವಂಗ ಚಲೋ. ಆದ್ರ ಬಿಚ್ಚಾವಂಗ? ಅದರ ಗುಣಾ ನೋಡ್ರಿ, ಜೋರ ಹೆಚ್ಚಾತಂದ್ರ ಪೇಚಕಸನ್ನ ತಾನ ಮ್ಯಾಲೆ ನೂಕತೈತಿ. ಎರಡ ಸಲ ನೂಕಿದ್ರ ನಾಕೂ ಮೂಲಿ ಸವದು ಬಟ್ಟಲ ಆಗತೈತಿ. ಆಮ್ಯಾಲೆ ಅದನ್ನ ಯಾರ ಬಿಚ್ಚವ್ರು?”

“ಸೀಳೂ ಸವೀತೈತಿ.”

“ಸವದ್ರ ಗರಗಸ ತಗೊಂಡು ಮತ್ತೊಂದು ಸೀಳ ಹಾಕ್ತೇನಿ! ಬಣ್ಣಾ ತುಂಬಿದ್ರ ಮೊಳಿಯಿಂದ ಕೆರದು ತಗೀತೇನಿ. ಸ್ಟಾರಿನ ತೂತಿನ್ಯಾಗ ಬಣ್ಣಾ ತುಂಬಿದ್ರ ಹೆಂಗ ತಗೀತೀರಿ ಹೇಳ್ರಿ? ಬಿಗಿಯಾಂವ ಒಮ್ಮೆ ಬಿಗದು ಹೋಗ್ತಾನ್ರಿ, ಮೇಡಮ್ಮರ. ಎಷ್ಟೋ ವರ್ಷದ ಮ್ಯಾಲೆ ರಿಪೇರಿಗೆ ಅಂತ ಮತ್ತೊಬ್ಬ ಬರ್ತಾನಲ್ಲ, ಅಂವನ ಮಾರಿ ನೆನಸಿ ಪೇಚು ಮಾಡಬೇಕು.”

ವಿದ್ಯಾವತಿಗೆ ನಿಜಕ್ಕೂ ಆ ಮಾತು ಹಿಡಿಸಿತು. ಆದರೂ ಬಿಡಲಿಲ್ಲ.

“ಸರಿ, ಸ್ಟಾರ್ ಬಿಡ್ರಿ. ಆರು ಮೂಲಿದು? ಮಶಿನಿಗೆ ಹಾಕ್ತಾರಲ್ಲ, ಅಲನ್ ಕೀಲಿಯಿಂದ ತಿರುವೂದು?”

“ಅದು ಗಂಡು ಪೇಚು,” ಮಾಸ್ತರು ತಲೆದೂಗಿದರು. “ಎಷ್ಟ ಜೋರ ಕೊಟ್ರೂ ತಡೀತೈತಿ, ಜಾರೂದಿಲ್ಲ. ಖರೇ ಹೇಳಬೇಕಂದ್ರ ಅದಕ್ಕ ನಾ ಏನೂ ಅನ್ನೂದಿಲ್ಲ. ಆದ್ರ ಒಂದೊಂದು ಅಳತೀಗೆ ಒಂದೊಂದು ಕೀಲಿ ಬೇಕು. ಕೂದಲೆಳಿ ವ್ಯತ್ಯಾಸ ಆತಂದ್ರ ಮೂಲಿ ದುಂಡಗಾದ್ವು, ಮುಗೀತು. ಸೀಳತಲಿಗೆ ಏನೂ ಇಲ್ಲದಾಗ ನಾಣ್ಯಾ ಹಚ್ಚಿ ಆದ್ರೂ ತಿರುವಬಹುದು!”

“ಹಂಗಾರ ಬಡವರ ಪೇಚು ಅನ್ರಿ.”

“ಎಲ್ಲಾರ ಪೇಚು ಅನ್ರಿ!”

ಈಗ. ವಿದ್ಯಾವತಿ ಅವರ ಕೈಯಿಂದ ಪೇಚಕಸವನ್ನು ಇಸಿದುಕೊಂಡು ಕುಣಿಕೆಗೆ ಸಿಕ್ಕಿಸುತ್ತ, ಬೆನ್ನು ಹಾಕಿಯೇ ಅಂದಳು:

“ನೀವೇನರ ಅನ್ರಿ, ಮಂದಿ ಸ್ಟಾರ್ ಪೇಚನ್ನ ಒಪ್ಪ್ಯಾರ. ನಿಮ್ಮ ಅಳಿಯನ ಖೋಲಿ ಕೊಂಡಿ ನೋಡ್ರಿ ಬೇಕಾದ್ರ. ಹಳೇ ಮನಿ, ಆದ್ರೂ ನಾಕಕ್ಕ ನಾಕೂ ಸ್ಟಾರ್ ಪೇಚು.”

“ಏನ್ ಹೇಳ್ತೀರ್ರಿ ನೀವು! ಸ್ಟಾರ್ ಎಲ್ಲಿದ್ದಾವು ಅದಕ್ಕ? ನಾಕೂ ಹಳೇ ಸೀಳತಲಿ! ಸೀಳು ನಡುವ ಸೈತ ಇಲ್ಲ, ಒಂದ ಮಗ್ಗಲಾ ಸರದಾವು, ಯಾರೋ ಪುಣ್ಯಾತ್ಮ ಕೈಲೆ ಕೊಯ್ದ...”

ಮಾತು ಅಲ್ಲಿಗೇ ನಿಂತಿತು.

ಓಣಿಯಲ್ಲಿ ಬಸ್ಸೊಂದು ಕಲಬುರ್ಗಿ ಕಲಬುರ್ಗಿ ಎಂದು ಕೂಗಿಸಿಕೊಳ್ಳುತ್ತ ಹೋಯಿತು. ವಿದ್ಯಾವತಿ ನಿಧಾನಕ್ಕೆ ತಿರುಗಿದಳು. ಕಿಸೆಯಿಂದ ಪುಡಿಕೆ ತೆಗೆದು, ನಾಲ್ಕೂ ಪೇಚುಗಳನ್ನು ಮಾಸ್ತರ ಮುಂದೆ ಮಣೆಯ ಮೇಲೆ ಸಾಲಾಗಿ ಇಟ್ಟಳು.

“ಆ ಖೋಲಿಯೊಳಗ ಕಾಲಿಟ್ಟಿಲ್ಲ ಅಂದ್ರಿ. ಕೊಂಡಿ ಒಳಗಿನ ಮಗ್ಗಲಿಗೆ ಐತಿ. ಹೊರಗ ನಿಂತಾವಂಗ ಇದರ ಸೀಳು ಹೆಂಗ ಕಾಣ್ತು, ಮಾಸ್ತರ?”

ಮಾಸ್ತರ ಕೈ ತಾನಾಗಿಯೇ ಪೇಚುಗಳ ಕಡೆ ಹೋಯಿತು. ಒಂದನ್ನು ಎತ್ತಿ ಬೆರಳಿನಿಂದ ಸವರಿದರು. ಎತ್ತರದ ಆಳು ಒಮ್ಮೆಲೇ ಮುದುಕನಾದಂತೆ ಕಂಡರು.

“ಎಲ್ಲಿ ಅದಾನ ಅಮೋಘಸಿದ್ಧ? ರಾವಸಾಬ ನಿಮಗೇನ ಕೊಟ್ಟಾನ?”

“ಥೂ!” ಮಾಸ್ತರು ಸಿಡಿದರು. “ಆ ಹೆಸರ ನನ್ನ ಮನ್ಯಾಗ ತಗೀಬ್ಯಾಡ್ರಿ. ತಂಗಿ ಸತ್ತ ಮ್ಯಾಲೆ ಆ ಹುಡುಗನ್ನ ಈ ಕೈಲೆ ಸಾಕೇನಿ. ನಾ ಅಂವನ್ನ ಮಾರ್ತೇನೇನ್ರಿ?”

“ಹಂಗಾರ ಹೇಳ್ರಿ.”

ಬಸವಂತರಾಯ ಮಾಸ್ತರು ಬಾಗಿಲ ಕಡೆ ನೋಡಿದರು. ಗುಡುಸಾಬ ಕದ ಮುಂದೆ ಮಾಡಿದ.

“ಹೋದ ವಾರ ಅಂವ ದಾರಿ ಮ್ಯಾಲೆ ಹೊಂಟಾಗ ಇಬ್ರು ಗಾಡಿ ಅಡ್ಡ ನಿಂದರ್ಸಿ, ಕೋರ್ಟಿಗೆ ಹ್ವಾದ್ರ ತಿರುಗಿ ಬರೂದಿಲ್ಲ ಅಂದ್ರಂತ. ಹೆಂಡ್ತಿಗೂ ಹೇಳಿರಲಿಲ್ಲ, ನನ್ನ ಮುಂದ ಬಂದು ಅತ್ತ. ಪೊಲೀಸ್ರಿಗೆ ಹೇಳೂಣಂದೆ. ಪೊಲೀಸ್ರು ಬಂದ್ರ ಮನಿ ಮುಂದ ಕಾವಲಾ ನಿಂದರ್ಸ್ತಾರ, ಅಂವ ಒಳಗ ಅದಾನ ಅಂತ ಊರಿಗೆಲ್ಲ ಸಾರಿದಂಗ ಅಂದ. ಸುಮ್ಮ ಹೊಂಟ ಹ್ವಾದ್ರ ಎಲ್ಲಾ ದಾರಿ, ಎಲ್ಲಾ ಬೀಗರ ಮನಿ ಹುಡುಕ್ತಾರ. ಅದಕ್ಕ ನಾ ಒಂದ ವಿಚಾರ ಮಾಡ್ದೆ. ಎಲ್ಲಾರೂ ಬಾಗಲಾ ನೋಡ್ಕೋಂತ ನಿಂದರ್ಬೇಕು, ದಾರಿ ನೋಡಬಾರ್ದು.”

ವಿದ್ಯಾವತಿ ಮುಂದೆ ಹೇಳಿರೆಂದು ಕೈ ಮಾಡಿದಳು.

“ಸುನೀತಾ ನಳಕ್ಕ ಹೋಗಿದ್ಲು. ನಾ ಕೊಂಡಿ ಬಿಚ್ಚಿ ಚಿಲಕಕ್ಕ ಜೋತ ಬಿಟ್ಟೆ. ಅಳ್ಯಾ ಹಿತ್ತಲದಾಗಿಂದ ಹೋಗಿ ನಿಂಬಿಕಾಯಿ ಲಾರಿ ಹತ್ತಿದ. ಬಾಗಲಾ ಮಳಿಗಾಲದಾಗ ಉಬ್ಬಿದ್ದು, ಜಗ್ಗಿ ಮುಚ್ಚಿದ್ರ ಚಿಲಕ ಹಾಕಿದಂಗ ಬಿಗೀತೈತಿ. ಆಮ್ಯಾಲೆ ನಾನ ಗುದ್ದಿದೆ, ನಾನ ಕೂಗಿದೆ.”

“ಎಲ್ಲಿಗೆ ಹ್ವಾದ?”

“ಗೊಳಸಂಗಿಗೆ. ನಮ್ಮ ಅಕ್ಕ ರೇವವ್ವನ ಮನಿಗೆ. ಹೊಲದಾಗ ಒಂಟಿ ಮನಿ, ಕುರಿ ಹಟ್ಟಿ. ಯಾರೂ ಹೋಗೂದಿಲ್ಲ. ನಾಳೆ ನಸಿಕಿನ್ಯಾಗ ನಾ ಹೋಗಿ, ಅಲ್ಲಿಂದ ಸೀದಾ ಮುದ್ದೇಬಿಹಾಳಕ್ಕ ಕರ್ಕೊಂಡು ಹೋಗಿ ಕೋರ್ಟಿನ್ಯಾಗ ನಿಲ್ಲಿಸಾವಿದ್ದೆ. ಇದ ನನ್ನ ಮೋಸ. ಬೇಕಾದ್ರ ಬೇಡಿ ಹಾಕ್ರಿ.”

“ಬದುಕ್ಯಾನ!” ಗುಡುಸಾಬ ಕೂಗಿಯೇ ಬಿಟ್ಟ. “ಮೇಡಮ್ಮರ, ಬದುಕ್ಯಾನ್ರಿ!”

ವಿದ್ಯಾವತಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡು ದಿನದ ದಣಿವೆಲ್ಲ ಮೈಯಿಂದ ಇಳಿದು ಹೋದಂತಾಯಿತು. ಆದರೆ ಅದರ ಹಿಂದೆಯೇ ಹೊಸ್ತಿಲ ಮೇಲೆ ಕುಸಿದು ಕೂತ ಹೆಂಗಸು ಕಣ್ಣ ಮುಂದೆ ಬಂದಳು.

“ಸುನೀತಾ ನಿನ್ನೆಯಿಂದ ಒಂದ ಗುಟುಕು ನೀರ ಕುಡದಿಲ್ಲ. ಗೊತ್ತೈತೇನ್ರಿ ನಿಮಗ?”

ಮಾಸ್ತರು ತಲೆ ತಗ್ಗಿಸಿದರು. “ಆಕೀಗೆ ಹೇಳಿದ್ರ ಆಕಿ ಅಳೂದು ಸುಳ್ಳಾಗತಿತ್ರಿ. ನೋಡಾವ್ರಿಗೆ ಗೊತ್ತಾಗತಿತ್ತು. ಆಕಿ ಅಳೂದು ನೋಡ್ಕೋಂತ ನಾ ಕಟ್ಟಿ ಮ್ಯಾಲೆ ಕುಂತೆ. ಕಣ್ಣಿಗೆ ಕತ್ಲಿ ಬಂತು ಅಂದಿದ್ನಲ್ಲ, ಅದೊಂದು ಖರೇ.”



“ಇಂಡಿಗೆ ಫೋನ್ ಹಚ್ಚಿ ಆ ತಾಯಿಗೆ ಹೇಳೂಣ್ರಿ,” ಗುಡುಸಾಬ ಅಂದ.

“ಮೊದಲ ಅಂವನ ದನಿ ಕೇಳೂಣು. ಆಮ್ಯಾಲೆ ಆಕೀಗೆ ಹೇಳೂಣು.” ವಿದ್ಯಾವತಿ ಮೂಲೆಯಲ್ಲಿದ್ದ ಫೋನಿನ ಕಡೆ ಕೈ ಮಾಡಿದಳು. “ಗೊಳಸಂಗ್ಯಾಗ ಫೋನ್ ಐತೇನ್ರಿ?”

“ಅಕ್ಕನ ಹೊಲದ ಮಗ್ಗಲಾ ದಾವಲಮಲಿಕನ ಧಾಬಾ ಐತಿ, ಅಲ್ಲಿ ಐತಿ. ಕರದ್ರ ಅಕ್ಕ ಬರ್ತಾಳ.”

ಮಾಸ್ತರು ನಂಬರ ತಿರುವಿದರು. ದಾವಲಮಲಿಕ ಸಿಕ್ಕ. ಕರೆದು ತರುತ್ತೇನೆ, ಫೋನಿಟ್ಟು ಮತ್ತೆ ಹಚ್ಚಿರಿ ಅಂದ. ಆ ಕಾಯುವ ಹೊತ್ತಿನಲ್ಲಿ ವಿದ್ಯಾವತಿ ಕುಳಿತುಕೊಳ್ಳಲೇ ಇಲ್ಲ. ಈಗಲೇ ಹೊರಟರೆ ಸಂಜೆಯೊಳಗೆ ಗೊಳಸಂಗಿ. ಬಸವನ ಬಾಗೇವಾಡಿಯಿಂದ ಇಬ್ಬರು ಪೊಲೀಸರನ್ನು ಕೇಳಿ ಪಡೆಯುವುದು. ಮುಂಜಾನೆ ಅವನನ್ನು ನಡುವೆ ಕೂರಿಸಿಕೊಂಡು ಮುದ್ದೇಬಿಹಾಳ. ಕಟಕಟೆಯಲ್ಲಿ ಅವನನ್ನು ನೋಡಿದಾಗ ರಾವಸಾಬನ ಮುಖ ಹೇಗಿರಬಹುದು!

“ಹಚ್ಚ್ರಿ ಮಾಸ್ತರ, ಬಂದಿರತಾರ.”

ಈ ಸಲ ಎತ್ತಿಕೊಂಡಿದ್ದು ರೇವವ್ವ. ಮುದುಕಿಯ ದನಿ ಎಷ್ಟು ಗಟ್ಟಿಯಿತ್ತೆಂದರೆ ಗುಡುಸಾಬನಿಗೂ ಕೇಳಿಸುತ್ತಿತ್ತು.

“ಅಕ್ಕಾ, ನಾ ಬಸವಂತ. ಅಳ್ಯಾ ಆರಾಮ ಅದಾನಿಲ್ಲ? ಫೋನ್ ಕೊಡು ಅಂವನ ಕೈಗೆ.”

“ಏನಂತಿಯೋ? ಅಂವ ಇಲ್ಲೆಲ್ಲದಾನ? ಇವತ್ತ ಮುಂಜಾನೇನ ಹ್ವಾದನಲ್ಲ. ನೀನ ಹೇಳಿ ಕಳಿಸಿದ್ದೆಂತ?”

ಮಾಸ್ತರು ಫೋನನ್ನು ಎರಡೂ ಕೈಯಿಂದ ಹಿಡಿದರು. “ನಾ ಯಾರ ಮುಂದೂ ಹೇಳಿಲ್ಲಕ್ಕಾ. ಯಾರ ಮುಂದೂ ಹೇಳಿಲ್ಲ...”

ವಿದ್ಯಾವತಿ ಫೋನನ್ನು ಅವರ ಕೈಯಿಂದ ಕಸಿದುಕೊಂಡಳು.

“ಅಜ್ಜಿ, ಕೇಳ್ರಿ. ಯಾರ ಕರ್ಕೊಂಡು ಹ್ವಾದ್ರು ಅಂವನ್ನ? ನಾ ಇಂಡಿಯಿಂದ ಬಂದೇನಿ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ವಿದ್ಯಾವತಿ ಮಾತಾಡಾಕತ್ತೇನಿ.”

ದೂರದಲ್ಲಿ ಕುರಿಯೊಂದು ಒದರಿದ್ದು ತಂತಿಯಲ್ಲಿ ಕೇಳಿಸಿತು.

“ಅಜ್ಜಿ?”

“ಸುಳ್ಳ ಯಾಕ ಹೇಳ್ತೀಯವ್ವ?” ರೇವವ್ವನ ದನಿಯಲ್ಲಿ ಈಗ ಹೆದರಿಕೆಯಿತ್ತು. “ಇಂಡಿ ವಿದ್ಯಾವತಿಬಾಯಿ ಮುಂಜಾನೆ ಇಲ್ಲೇ ನಮ್ಮ ಹಟ್ಟ್ಯಾಗ ಕುಂತು ಚಹಾ ಕುಡದ್ಲು. ಖಾಕಿ ಅಂಗಿ, ಎದಿ ಮ್ಯಾಲೆ ಹೆಸರಿನ ಪಟ್ಟಿ. ಅಮೋಘಸಿದ್ಧ ಓದಿ ನೋಡಿ, ಕೈ ಮುಗದು, ಆಕಿ ಕೂಡನ ಜೀಪ್ ಹತ್ತಿ ಹ್ವಾದ. ನೀ ಯಾರು?”